ಹೀರೆಕಾಯಿ ಬೋರ್ಡಿನ ಹುಡುಕಾಟ

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಬಸ್ಸಿನಲ್ಲಿರುವಾಗ ಗಿರಾಕಿಯ ಜೊತೆ ಫೋನಿನಲ್ಲಿ ಮಾತನಾಡಬೇಡಿ. ಒಮ್ಮೆ ಬೆಂಗಳೂರಿನ ಪೀಣ್ಯದಿಂದ ತುಂಬಿ ತುಳುಕುವ ಬಸ್ಸಿನಲ್ಲಿ ನಿಂತುಕೊಂಡು ಬರುತ್ತಿದ್ದೆ. ಕೆಟ್ಟುಹೋದ ಕಂಪ್ಯೂಟರಿನ ಗತಿ ಏನಾಯಿತೆಂದು ಗಿರಾಕಿ ಫೋನ್ ಮಾಡಿದರು. ಗದ್ದಲದಲ್ಲಿ ಅವರಿಗೆ ಕೇಳಿಸಲಿ ಎಂದು ನಾನು ಕೂಗಿದೆ: “ಮದರ್ ಹೋಗ್ಬಿಟ್ಟಿದೆ ಸಾರ್! ನಿನ್ನೆನೇ ಹೋಗಿದೆ. ಏನ್ ಮಾಡಿದ್ರೂ ಜೀವ ಬರ್ಲಿಲ್ಲ.” ಮುಂದೆ ಕೂತಿದ್ದ ಹೆಂಗಸು ತಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟರು. ಪಕ್ಕದವರು ನೀರಿನ ಬಾಟಲಿ ಕೈಗಿತ್ತರು. ನಾನು ಒಂದು ಗುಟುಕು ಕುಡಿದು ಮುಂದುವರಿಸಿದೆ: “ಹೊಸ ಮದರ್ ಸಿಗಲ್ಲ ಸಾರ್. ಸೆಕೆಂಡ್ ಹ್ಯಾಂಡ್ ಆದ್ರೆ ಎಸ್.ಪಿ. ರೋಡ್ ಅಂಗಡಿಗಳಲ್ಲಿ ನೋಡ್ತೀನಿ. ಹಳೇದನ್ನ ಗುಜರಿಗೆ ಹಾಕ್ಬಿಡಿ.” ನೀರು ಕೊಟ್ಟವರು ಬಾಟಲಿ ವಾಪಸ್ ಕಿತ್ತುಕೊಂಡರು.

ನನ್ನ ಹೆಸರು ವನಜಾ. ಪೀಣ್ಯದ ಶೆಡ್ಡುಗಳಲ್ಲಿ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ‘ಬೋರ್ಡಕ್ಕ’ ಎನ್ನಬೇಕು. ರಾಜಗೋಪಾಲನಗರದ ಮನೆಯಿಂದ ಹೊರಟು, ಹೆಗಲಿಗೆ ಬ್ಯಾಗ್ ಹಾಕಿಕೊಂಡು, ಕಂಪ್ಯೂಟರ್ ರಿಪೇರಿ ಮಾಡುವ ಒಂದು ಸಣ್ಣ ಕಂಪನಿಯಲ್ಲಿ ಇಡೀ ವೃತ್ತಿಜೀವನ ಕಳೆದೆ. ಹೋದ ವರ್ಷ ಹಾರ ಹಾಕಿ, ಫೋಟೋ ತೆಗೆದು ಕಳಿಸಿಕೊಟ್ಟರು. ಬಡ್ತಿಯ ವಿಚಾರ ಕೇಳಬೇಡಿ. ಎರಡು ಸಲ ಸಿಕ್ಕಿತು, ಎರಡು ಸಲವೂ ವಿಸಿಟಿಂಗ್ ಕಾರ್ಡ್ ಬದಲಾಯಿತು, ಸ್ಕ್ರೂಡ್ರೈವರ್ ಮಾತ್ರ ಹಳೆಯದೇ.

ಮದರ್‌ಬೋರ್ಡ್ ಎಂದರೆ ಏನೆಂದು ತಿಳಿಯದವರಿಗೆ ಇಷ್ಟು ಸಾಕು: ಕಂಪ್ಯೂಟರಿನ ಡಬ್ಬದೊಳಗೆ ಒಂದು ದೊಡ್ಡ ಹಲಗೆ ಇರುತ್ತದೆ, ಮಿಕ್ಕ ಭಾಗಗಳೆಲ್ಲ ಅದರ ಮೇಲೆಯೇ ಕೂರಬೇಕು. ಬಿಡಿಭಾಗ ತಂದು ಅಂಗಡಿಯಲ್ಲಿ ಜೋಡಿಸಿದ ಕಂಪ್ಯೂಟರಾದರೆ ಚಿಂತೆಯಿಲ್ಲ, ಯಾವುದೋ ಒಂದು ಬೋರ್ಡ್ ಕೂರುತ್ತದೆ. ದೊಡ್ಡ ಬ್ರ್ಯಾಂಡಿನ ಹಳೆಯ ಡೆಸ್ಕ್‌ಟಾಪ್ ಆದರೆ ಕಥೆಯೇ ಬೇರೆ. ಸ್ಕ್ರೂ ಹಾಕುವ ತೂತುಗಳು ಅವರದೇ ಲೆಕ್ಕದಲ್ಲಿ, ಕರೆಂಟಿನ ಪ್ಲಗ್ಗು ಅವರದೇ ಆಕಾರದಲ್ಲಿ. ಮುಂದುಗಡೆ ಒಂದೇ ಹೆಸರು ಬರೆದಿರುವ ಎರಡು ಡಬ್ಬಗಳನ್ನು ಬಿಚ್ಚಿದರೆ ಒಳಗೆ ಎರಡು ಬೇರೆ ಬೇರೆ ಬೋರ್ಡ್‌ಗಳಿರುತ್ತವೆ. ಕಂಪನಿಯವರನ್ನು ಕೇಳಿದರೆ, ಆ ಮಾಡೆಲ್ ನಿಂತು ಎಷ್ಟೋ ಕಾಲವಾಯಿತು, ಹೊಸದು ತೆಗೆದುಕೊಳ್ಳಿ ಎನ್ನುತ್ತಾರೆ.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಮೇಲಧಿಕಾರಿ ಅನಂತಯ್ಯನವರು. ಅವರಿಗೆ ಕೋಪ ಬಂದರೆ ಬೈಯುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ಸೇರಿದ ವರ್ಷ ಅವರ ಕನ್ನಡಕದಷ್ಟು ಶುಭ್ರವಾದ ಕನ್ನಡಕ ಇಡೀ ಪೀಣ್ಯದಲ್ಲಿ ಇರಲಿಲ್ಲ. ಡಬ್ಬದ ಮುಂದಿನ ಹೆಸರು ನೋಡಿ ಬೋರ್ಡ್ ತರಬೇಡಿ, ಬೋರ್ಡಿನ ಮೇಲೆ ಅಂಟಿಸಿರುವ ಚೀಟಿಯ ನಂಬರು ನೋಡಿ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

ನಾನು ನಂಬರು ನೋಡಿದೆ. ಅಲ್ಲ, ಕೇಳಿಸಿಕೊಂಡೆ. ಬ್ರೂಕ್‌ಫೀಲ್ಡ್‌ನ ಒಂದು ಆಫೀಸಿನಿಂದ ಸ್ಟೋರ್ಸ್‌ನವರು ಫೋನಿನಲ್ಲಿ ಚೀಟಿ ಓದುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ.

“ಸೆವೆನ್, ಫೋರ್, ಎನ್.”

“ಸೆವೆನ್, ಫೋರ್ ಅಂದ್ರಿ.”

“ಎನ್.”

“ಸೆವೆನ್, ಫೋರ್!”

“ಅದೇ ಮೇಡಂ, ಎನ್!”

“ಅಯ್ಯೋ, ಸೆವೆನ್ ಫೋರ್ ಸಾರ್, ಸೆವೆನ್ ಫೋರ್! ಕೇಳಿಸ್ತಿಲ್ವಾ?”

ಅವರು ಹೇಳುತ್ತಿದ್ದದ್ದು ಇಂಗ್ಲಿಷಿನ ‘ಎನ್’ ಅಕ್ಷರ. ನನಗೆ ಕೇಳಿಸಿದ್ದು ‘ಏನ್?’ ಎಂಬ ಪ್ರಶ್ನೆ. ಪಾಪ, ಇವರಿಗೆ ಕಿವಿ ಮಂದ ಎಂದು ನಾನು, ನನಗೆ ತಲೆ ಮಂದ ಎಂದು ಅವರು. ಎನ್ ಇಲ್ಲದ ನಂಬರಿಗೆ ಬೋರ್ಡ್ ತರಿಸಿದೆ. ಅದು ಆ ಡಬ್ಬದೊಳಗೆ ಅಡ್ಡ ಇಟ್ಟರೂ ಹೋಗಲಿಲ್ಲ, ಉದ್ದ ಇಟ್ಟರೂ ಹೋಗಲಿಲ್ಲ. ಅನಂತಯ್ಯನವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು, ಆಮೇಲೆ ತಡೆಯಲಾರದೆ ನಗಲು ಶುರುಮಾಡಿ ಕಣ್ಣನ್ನೂ ಒರೆಸಿಕೊಂಡರು.

ಮರುದಿನವೇ ಅವರು ಒಂದು ಪಟ್ಟಿ ತಯಾರಿಸಿ ಗೋಡೆಗೆ ಅಂಟಿಸಿದರು. ಇನ್ನು ಮೇಲೆ ಫೋನಿನಲ್ಲಿ ಬರೀ ಅಕ್ಷರ ಹೇಳುವಂತಿಲ್ಲ, ತರಕಾರಿ ಹೇಳಬೇಕು. ಎ ಅಂದರೆ ಅವರೆಕಾಯಿ, ಬಿ ಅಂದರೆ ಬೆಂಡೆಕಾಯಿ, ಇ ಅಂದರೆ ಈರುಳ್ಳಿ, ಎಚ್ ಅಂದರೆ ಹೀರೆಕಾಯಿ, ಕೆ ಅಂದರೆ ಕೋಸು, ಎಮ್ ಅಂದರೆ ಮೂಲಂಗಿ, ಎನ್ ಅಂದರೆ ನುಗ್ಗೆಕಾಯಿ. ಎಕ್ಸ್‌ಗೆ ತರಕಾರಿ ಸಿಗಲಿಲ್ಲ. ಅದಕ್ಕೆ ‘ಮೇಷ್ಟ್ರು ತಪ್ಪು ಹಾಕ್ತಾರಲ್ಲ, ಅದು’ ಎನ್ನುತ್ತಿದ್ದೆವು. ನಮ್ಮ ಆಫೀಸಿನ ಫೋನ್ ಕೇಳಿದವರಿಗೆ ಇದು ರಿಪೇರಿ ಕಂಪನಿಯೋ ಸಂತೆಯೋ ಎಂದು ಅನುಮಾನ ಬರುತ್ತಿತ್ತು. ಆದರೆ ವರ್ಷಗಟ್ಟಲೆ ಒಂದೂ ತಪ್ಪಾಗಲಿಲ್ಲ. ಮುಂದೆ ವಾಟ್ಸ್ಯಾಪ್ ಬಂದು ಎಲ್ಲರೂ ಚೀಟಿಯ ಫೋಟೋವನ್ನೇ ಕಳಿಸತೊಡಗಿದರು. ಅನಂತಯ್ಯನವರೂ ನಿವೃತ್ತರಾದರು. ಪಟ್ಟಿ ಗೋಡೆಯಲ್ಲೇ ಹಳದಿಯಾಯಿತು.

ಈಗ ಪುಟ್ಟತಾಯಮ್ಮನ ವಿಚಾರಕ್ಕೆ ಬರುತ್ತೇನೆ. ನನ್ನ ನಿವೃತ್ತಿಗೆ ಕೆಲವೇ ತಿಂಗಳಿದ್ದಾಗ ನಡೆದದ್ದು ಇದು.

ಪೀಣ್ಯದಲ್ಲಿ ಸುಧೀಂದ್ರ ಎಂಬವರದೊಂದು ಸ್ಪ್ರಿಂಗ್ ಕಾರ್ಖಾನೆ. ವಾಹನಗಳಿಗೆ ಹಾಕುವ ಸ್ಪ್ರಿಂಗ್‌ಗಳನ್ನು ಒಂದು ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಭಾರ ತಡೆಯುತ್ತದೆ ಎಂದು ಅಳೆಯಬೇಕು. ಅಳತೆಯನ್ನು ಪಕ್ಕದಲ್ಲಿರುವ ಹಳೆಯ ಬ್ರ್ಯಾಂಡ್ ಡೆಸ್ಕ್‌ಟಾಪ್ ಬರೆದುಕೊಂಡು ಪ್ರಿಂಟ್ ಕೊಡುತ್ತದೆ. ಯಂತ್ರಕ್ಕೂ ಕಂಪ್ಯೂಟರಿಗೂ ನಂಟು ಹಾಕುವ ಒಂದು ಉದ್ದನೆಯ ಕಾರ್ಡ್ ಒಳಗಿದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಆ ಕಾರ್ಡಿಗೆ ಜಾಗವೇ ಇಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಯಂತ್ರದ ಮುಂದೆ ಕೂತವರು ಪುಟ್ಟತಾಯಮ್ಮ.

ಒಂದು ಗುರುವಾರ ಆ ಕಂಪ್ಯೂಟರಿನ ಬೋರ್ಡ್ ಸುಟ್ಟುಹೋಯಿತು. ನಾನು ಹೋಗಿ ಊದಿಕೊಂಡಿದ್ದ ನಾಲ್ಕು ಬಿಡಿಭಾಗ ಕಿತ್ತು ಹೊಸದನ್ನು ಬೆಸುಗೆ ಹಾಕಿದೆ, ಉಪಯೋಗವಾಗಲಿಲ್ಲ. ಸುಧೀಂದ್ರ ಸಾರ್ ಬಂದು ನಿಂತು, “ನೋಡಿ ಮೇಡಂ, ಸೋಮವಾರ ಹತ್ತು ಗಂಟೆಗೆ ಗಿರಾಕಿ ಕಂಪನಿಯಿಂದ ಇನ್‌ಸ್ಪೆಕ್ಷನ್‌ಗೆ ಬರ್ತಾರೆ. ಅಷ್ಟರಲ್ಲಿ ಇದು ಓಡಿದ್ರೆ ಓಡ್ತು. ಇಲ್ಲಾಂದ್ರೆ ಹೊಸ ಆಟೋಮ್ಯಾಟಿಕ್ ಮೆಷಿನ್‌ಗೆ ಹೂಂ ಅಂದ್ಬಿಡ್ತೀನಿ. ಅದಕ್ಕೆ ಆಪರೇಟರೇ ಬೇಕಾಗಿಲ್ಲ,” ಎಂದರು. ಪುಟ್ಟತಾಯಮ್ಮ ಅಲ್ಲೇ ಇದ್ದಾರೆ ಎಂಬುದು ಅವರಿಗೆ ಆಮೇಲೆ ನೆನಪಾಗಿರಬೇಕು. ಗಂಟಲು ಸರಿಮಾಡಿಕೊಂಡು ಹೊರಟುಹೋದರು.

ಪುಟ್ಟತಾಯಮ್ಮ ಸೆರಗಿನಿಂದ ಸತ್ತ ಕಂಪ್ಯೂಟರಿನ ಧೂಳು ಒರೆಸುತ್ತಾ ಹೇಳಿದರು: “ಅಕ್ಕ, ಈ ಶೆಡ್ ಇರೋದೇ ನಮ್ ತಾತನ ರಾಗಿ ಒಲ್ದಲ್ಲಿ. ನಮ್ ಮನೆಯೋರೆಲ್ಲ ಬಿಲ್ಡಿಂಗ್ ಕಟ್ಟವ್ರೆ, ಬಾಡಿಗೆ ಬತ್ತದೆ, ಊಟಕ್ಕೇನೂ ಕಮ್ಮಿ ಇಲ್ಲ. ಯಾಕೆ ಕೆಲ್ಸಕ್ಕೋಗ್ತೀಯ ಅಂತ ದಿನಾ ಕೇಳ್ತಾರೆ. ಮನೇಲಿ ನಾನು ಒಬ್ರಿಗೆ ಅತ್ತೆ, ಇನ್ನೊಬ್ರಿಗೆ ದೊಡ್ಡಮ್ಮ. ಇಲ್ಲಿ ಕುಂತ್ರೇನೇ ನಾನು ಪುಟ್ಟತಾಯಮ್ಮ. ನಾನು ಪಾಸ್ ಅಂದ್ರೆ ಪಾಸು, ಫೇಲ್ ಅಂದ್ರೆ ಫೇಲು. ಒಸಿ ಉಡುಕಿಕೊಡಕ್ಕ.”

ಹುಡುಕಿಕೊಡದೆ ಇರಲು ಆಗುತ್ತದೆಯೇ? ಚೀಟಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಕಾಗದವಾದರೆ ಕಳೆದುಹೋಗುತ್ತದೆ, ಕೈ ಎಲ್ಲಿಗೆ ಹೋಗುತ್ತದೆ ಎಂಬುದು ನನ್ನ ಜಾಣತನ. ಶುಕ್ರವಾರ ಊರಿನ ಈ ತುದಿಯಿಂದ ಆ ತುದಿಗೆ, ಜಿಗಣಿಯ ನಯಾಜ್ ಭಾಯ್ ಗೋಡೌನಿಗೆ ಹೊರಟೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳು ಬೇಡವೆಂದು ಬಿಟ್ಟ ಹಳೆಯ ಕಂಪ್ಯೂಟರ್‌ಗಳೆಲ್ಲ ಕೊನೆಗೆ ಬಂದು ಬೀಳುವುದು ಅವರ ಹತ್ತಿರ. ಬಸ್ ಇಳಿದಾಗ ಹಸಿವು. ಚುರುಮುರಿ ತಿಂದೆ, ಖಾರ ಜೋರಾಗಿತ್ತು, ಮತ್ತೊಂದು ತಿಂದೆ, ಚೆನ್ನಾಗಿ ಕೈ ತೊಳೆದುಕೊಂಡೆ.

“ನಂಬರ್ ಹೇಳಿ ಮೇಡಂ,” ಎಂದರು ನಯಾಜ್ ಭಾಯ್. ನಾನು ಗತ್ತಿನಿಂದ ಅಂಗೈ ಚಾಚಿದೆ.

“ಮೇಡಂ, ಕೈ ನೋಡಿ ಭವಿಷ್ಯ ಹೇಳೋಕೆ ನನಗೆ ಬರಲ್ಲ,” ಎಂದರು.

ಕೈಯಲ್ಲಿ ಬರೀ ನೀಲಿ ಕಲೆ. ಇಷ್ಟು ವರ್ಷದ ಅನುಭವ ಇರುವ ಹಿರಿಯ ಇಂಜಿನಿಯರ್ ಚುರುಮುರಿಗೆ ನಂಬರು ಕಳೆದುಕೊಂಡು ನಿಂತಿದ್ದಳು. ಕಾರ್ಖಾನೆಗೆ ಫೋನ್ ಮಾಡಿದೆ. ಅಲ್ಲಿ ಕ್ಯಾಮೆರಾ ಇರುವ ಫೋನುಗಳನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು, ಹಾಗಾಗಿ ಫೋಟೋದ ಮಾತಿಲ್ಲ. ಮೇಜಿನ ಮೇಲಿನ ಲ್ಯಾಂಡ್‌ಲೈನಿನಲ್ಲಿ ಪುಟ್ಟತಾಯಮ್ಮ ಸಿಕ್ಕಿದರು. ಅವರಿಗೆ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ ಎಲ್ಲ ಬರುತ್ತದೆ. ನಾನು ನಮ್ಮ ತರಕಾರಿ ಪಟ್ಟಿಯನ್ನು ಹೇಳಿಕೊಟ್ಟೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, “ಮೊದ್ಲೇ ಇಂಗೆ ಯೋಳ್ಕೊಟ್ಟಿದ್ರೆ ನಾನು ಇಸ್ಕೂಲ್ ಬಿಡ್ತಾನೇ ಇರ್ಲಿಲ್ಲ,” ಎಂದರು. ಆಮೇಲೆ ಒಂದೊಂದಾಗಿ ಓದಿದರು. ಇತ್ತ ಗೋಡೌನಿನಲ್ಲಿ ಕಬ್ಬಿಣದ ಡಬ್ಬಗಳನ್ನು ಲಾರಿಗೆ ಎಸೆಯುತ್ತಿದ್ದರು. ಆ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ನಾನು ಬರೆದುಕೊಂಡೆ: ನಾಲ್ಕು, ಕೋಸು, ಒಂಬತ್ತು, ಈರುಳ್ಳಿ.

ನಯಾಜ್ ಭಾಯ್ ಹತ್ತು ನಿಮಿಷದಲ್ಲಿ ಅದೇ ನಂಬರಿನ ಬೋರ್ಡ್ ತಂದು ಮುಂದಿಟ್ಟರು. ನನಗೆ ಕುಣಿಯುವಷ್ಟು ಸಂತೋಷ. ವಾಪಸ್ ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬ್ರೇಕ್ ಹಾಕಿದಾಗಲೆಲ್ಲ ಎರಡು ಕೈಯಿಂದ ತಬ್ಬಿಕೊಂಡೆ.

ಶನಿವಾರ ಬೆಳಿಗ್ಗೆ ಪೀಣ್ಯದಲ್ಲಿ ಡಬ್ಬ ತೆರೆದು ನೋಡಿದರೆ ಹೊಸ ಬೋರ್ಡಿನಲ್ಲಿ ಆ ಉದ್ದನೆಯ ಕಾರ್ಡ್ ಕೂರಿಸುವ ಜಾಗವೇ ಇಲ್ಲ. ಹಳೆಯದರ ಚೀಟಿ, ಹೊಸದರ ಚೀಟಿ ಪಕ್ಕಪಕ್ಕ ಇಟ್ಟೆ. ಕೊನೆಯ ಅಕ್ಷರ ಅಲ್ಲಿ ಎಚ್, ಇಲ್ಲಿ ಇ.

“ಪುಟ್ಟತಾಯಮ್ಮ, ಇದು ಹೀರೆಕಾಯಿ ಅಲ್ವಾ?”

“ಊಂ ಅಕ್ಕ, ಈರೆಕಾಯಿನೇ.”

“ಮತ್ತೆ ಫೋನಲ್ಲಿ ಈರುಳ್ಳಿ ಅಂದ್ರಲ್ಲ!”

“ನಾನ್ಯಾಕೆ ಈರುಳ್ಳಿ ಅನ್ಲಿ? ಈರೆಕಾಯಿ ಅಂದೆ. ಈಗ್ಲೂ ಅದೇ ಅಂತಿವ್ನಿ, ಈರೆಕಾಯಿ!”

ಅನಂತಯ್ಯನವರ ಪಟ್ಟಿಯಲ್ಲಿ ಅಷ್ಟು ವರ್ಷ ಅಡಗಿ ಕೂತಿದ್ದ ತೂತು ಅದು. ಇಲ್ಲಿನ ಹಳ್ಳಿಯವರ ಬಾಯಲ್ಲಿ ಹೀರೆಕಾಯಿ ಈರೆಕಾಯಿಯೇ. ಅವರು ಹೇಳಿದ್ದು ಸರಿ, ನಾನು ಕೇಳಿಸಿಕೊಂಡದ್ದು ಅರ್ಧ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ಪಕ್ಕದ ವಿಭಾಗದವರು ಏನಾಯಿತೆಂದು ಇಣುಕಿದರು. ನಗು ನಿಂತ ಮೇಲೆ ಪುಟ್ಟತಾಯಮ್ಮ ಯಂತ್ರದ ಕಡೆ ನೋಡಿದರು. ನನ್ನ ಕಿವಿ ಮಾಡಿದ ತಪ್ಪಿಗೆ ಅವರು ಮನೆಗೆ ಹೋಗಿ ಬರೀ ದೊಡ್ಡಮ್ಮನಾಗಿ ಕೂರಬೇಕಾಗಿ ಬರುವ ಹಾಗಿತ್ತು.

ನಯಾಜ್ ಭಾಯ್‌ಗೆ ಫೋನ್ ಮಾಡಿದೆ. “ಹೀರೆಕಾಯಿದು ಇಲ್ಲ ಮೇಡಂ. ನನ್ನ ಹತ್ರ ಏನು, ಇಡೀ ಬೆಂಗಳೂರಲ್ಲೇ ಡೌಟು. ಸಂಡೇ ನಾನು ಗೋಡೌನಲ್ಲೇ ಇರ್ತೀನಿ, ಬೇಕಾದ್ರೆ ಬಂದು ರಾಶೀಲಿ ನೋಡ್ಕೊಳ್ಳಿ,” ಎಂದರು.

ಭಾನುವಾರ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಬಂದರೆ ಪುಟ್ಟತಾಯಮ್ಮ ನನಗಿಂತ ಮೊದಲೇ ಬಂದು ನಿಂತಿದ್ದಾರೆ. ರೇಷ್ಮೆ ಸೀರೆ, ತಲೆ ತುಂಬ ಹೂವು, ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ರಟ್ಟು. ಗುಜರಿ ಗೋಡೌನಿಗೆ ಇಷ್ಟು ಸಿಂಗಾರ ಮಾಡಿಕೊಂಡು ಹೋದವರನ್ನು ನಾನು ಕಂಡಿರಲಿಲ್ಲ. “ಮದ್ವೆಗೆ ಅಂತ ಯೋಳಿ ಬಂದಿವ್ನಿ ಅಕ್ಕ,” ಎಂದು ಪಿಸುಗುಟ್ಟಿದರು.

ಅದೇನು ರಟ್ಟು ಎಂದರೆ ದಾರಿಯಲ್ಲಿ ಹೇಳಲಿಲ್ಲ. ಜಿಗಣಿಗೆ ಹೋದೆವು. ಗೋಡೌನಿನಲ್ಲಿ ಬೋರ್ಡ್‌ಗಳನ್ನು ದೋಸೆಗಳ ಹಾಗೆ ಒಂದರ ಮೇಲೊಂದು ಪೇರಿಸಿದ್ದರು. ನಾನು ಕನ್ನಡಕ ಏರಿಸಿ ಒಂದೊಂದೇ ಚೀಟಿ ಓದತೊಡಗಿದೆ. ಒಂದು ಗಂಟೆ ಕಳೆದರೂ ಐವತ್ತು ದಾಟಲಿಲ್ಲ. ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ರಟ್ಟಿನ ಸುರುಳಿ ಬಿಚ್ಚಿದರು.

ಶನಿವಾರ ನಾನು ಹೋದ ಮೇಲೆ ಅವರು ಸುಟ್ಟ ಬೋರ್ಡನ್ನು ಮುಂದಿಟ್ಟುಕೊಂಡು, ಸ್ಪ್ರಿಂಗ್ ಅಳೆಯುವ ವರ್ನಿಯರ್‌ನಿಂದ ಅದನ್ನು ಅಳೆದಿದ್ದರು. ತೂತಿನಿಂದ ತೂತಿಗೆ ಎಷ್ಟು, ಅಂಚಿನಿಂದ ಎಷ್ಟು, ಉದ್ದನೆಯ ಕಾರ್ಡ್ ಕೂರುವ ಜಾಗ ಎಲ್ಲಿ, ಕರೆಂಟಿನ ಪ್ಲಗ್ಗಿನಲ್ಲಿ ಎಷ್ಟು ಪಿನ್ನು, ಯಾವ ಸಾಲಿನಲ್ಲಿ. ಎಲ್ಲವನ್ನೂ ರಟ್ಟಿನ ಮೇಲೆ ಗುರುತು ಹಾಕಿ, ಬ್ಲೇಡಿನಿಂದ ಕೊರೆದಿದ್ದರು. ನಮ್ಮ ವೃತ್ತಿಯಲ್ಲಿ ಇಷ್ಟು ವರ್ಷ ನಂಬರಿನ ಹಿಂದೆ ಬಿದ್ದ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲ. ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ಅವರು ಚೀಟಿಯ ಕಡೆ ತಿರುಗಿಯೂ ನೋಡಲಿಲ್ಲ. ಬೋರ್ಡ್ ಎತ್ತುವುದು, ರಟ್ಟು ಇಡುವುದು, “ಫೇಲ್” ಎನ್ನುವುದು, ಪಕ್ಕಕ್ಕೆ ಹಾಕುವುದು. ಎತ್ತು, ಇಡು, ಫೇಲ್. ನಯಾಜ್ ಭಾಯ್ ತಮಾಷೆ ನೋಡಲು ಸ್ಟೂಲ್ ಹಾಕಿಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅವರೇ ಬೋರ್ಡ್ ಎತ್ತಿ ಕೊಡಲು ಶುರುಮಾಡಿ, “ಅರೆ, ಇದು ಪಾಸ್ ಮಾಡಿ ಅಮ್ಮಾ, ಒಳ್ಳೆ ಮನೆತನದ್ದು,” ಎಂದು ಶಿಫಾರಸು ಮಾಡತೊಡಗಿದರು.

“ಪಿನ್ನು ಒಂದು ಜಾಸ್ತಿ ಐತೆ. ಫೇಲ್.”

ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಪುಟ್ಟತಾಯಮ್ಮ ಒಂದು ಬೋರ್ಡಿನ ಮೇಲೆ ರಟ್ಟು ಇಟ್ಟರು. ತಿರುಗಿಸಿ ಇಟ್ಟರು. ಚೀಲದಿಂದ ವರ್ನಿಯರ್ ತೆಗೆದು ಎರಡು ಕಡೆ ಅಳೆದರು. “ಅಕ್ಕ,” ಎಂದರು, “ಇದು ಪಾಸು.”

ಚೀಟಿ ನೋಡಿದೆ. ನಂಬರಿನಲ್ಲಿ ಹೀರೆಕಾಯಿಯೂ ಇಲ್ಲ, ಕೋಸೂ ಇಲ್ಲ. ಅದೇ ಬ್ರ್ಯಾಂಡಿನ ಬೇರೊಂದು ಮಾಡೆಲಿನದು. ಆ ಮಾಡೆಲಿನ ಹೆಸರು ಕೇಳಿದ್ದರೆ ನಾನು ಮುಟ್ಟಿಯೂ ನೋಡುತ್ತಿರಲಿಲ್ಲ. ಆದರೆ ತೂತು ಸರಿ, ಕಾರ್ಡಿನ ಜಾಗ ಸರಿ, ಪ್ಲಗ್ಗು ಸರಿ. ಹಳೆಯ ಪ್ರಾಸೆಸರ್, ಹಳೆಯ ಮೆಮೊರಿ ಇದಕ್ಕೂ ಒಗ್ಗುತ್ತದೆ ಎಂದು ನಾನು ಖಚಿತಪಡಿಸಿಕೊಂಡೆ. ನಯಾಜ್ ಭಾಯ್ ಚಪ್ಪಾಳೆ ತಟ್ಟಿ ಟೀ ತರಿಸಿದರು.

ಸಂಜೆ ಪೀಣ್ಯಕ್ಕೆ ಬಂದು ಬೋರ್ಡ್ ಕೂರಿಸಿದೆ. ಸ್ಕ್ರೂಗಳು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ಸ್ವಿಚ್ ಹಾಕಿದೆ. ‘ಕುಂಯ್’ ಎಂದು ಒಂದು ಕೂಗು. ಪರದೆಯ ಮೇಲೆ, ಮುಂದಿನ ಫ್ಯಾನ್ ಕಾಣಿಸುತ್ತಿಲ್ಲ ಎಂಬ ದೂರು. ಆ ಮಾಡೆಲಿಗೆ ಮುಂದೊಂದು ಫ್ಯಾನ್ ಇರುತ್ತಿತ್ತಂತೆ, ನಮ್ಮ ಡಬ್ಬದಲ್ಲಿ ಇಲ್ಲ. ನನ್ನ ಬ್ಯಾಗಿನಲ್ಲಿದ್ದ ಹಳೆಯ ಫ್ಯಾನೊಂದನ್ನು ಅಲ್ಲಿ ಸಿಕ್ಕಿಸಿದೆ. ದೂರು ನಿಂತಿತು. ಕಂಪ್ಯೂಟರ್ ಎದ್ದು ಕೂತಿತು, ಯಂತ್ರವನ್ನು ಗುರುತಿಸಿತು. ಪುಟ್ಟತಾಯಮ್ಮ ನನ್ನ ಎರಡು ಕೈ ಹಿಡಿದು ಗಿರಗಿರನೆ ಒಂದು ಸುತ್ತು ತಿರುಗಿಸಿದರು. ಇಬ್ಬರು ಹೆಂಗಸರು, ಒಬ್ಬರು ರೇಷ್ಮೆ ಸೀರೆಯಲ್ಲಿ, ಭಾನುವಾರ ಖಾಲಿ ಶೆಡ್ಡಿನಲ್ಲಿ ಕುಣಿದದ್ದನ್ನು ವಾಚ್‌ಮನ್ ನೋಡಿದ. ಅವನು ಇವತ್ತಿಗೂ ಯಾರಿಗೂ ಹೇಳಿಲ್ಲ ಎಂದುಕೊಂಡಿದ್ದೇನೆ.

ಸೋಮವಾರ ನಾನೂ ಹೋಗಿ ಮೂಲೆಯಲ್ಲಿ ನಿಂತಿದ್ದೆ. ಇನ್‌ಸ್ಪೆಕ್ಷನ್‌ನವರು ತಾವೇ ಆರಿಸಿದ ಸ್ಪ್ರಿಂಗ್‌ಗಳನ್ನು ಕೊಟ್ಟರು. ಪುಟ್ಟತಾಯಮ್ಮ ಒಂದೊಂದೇ ಇಟ್ಟರು, ಯಂತ್ರ ಒತ್ತಿತು, ಕಾಗದ ಬಂತು. ಒಂದು ಸ್ಪ್ರಿಂಗನ್ನು ಯಂತ್ರ ಪಾಸ್ ಮಾಡಿದರೂ ಅವರು ಬೆರಳಲ್ಲಿ ಸವರಿ, “ಸಾರ್, ಇಲ್ಲಿ ಗೀರು ಐತೆ, ಇದು ಬ್ಯಾಡ,” ಎಂದು ಪಕ್ಕಕ್ಕಿಟ್ಟರು. ಇನ್‌ಸ್ಪೆಕ್ಷನ್‌ನವರು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಆ ಗೀರು ಬಿದ್ದ ಸ್ಪ್ರಿಂಗನ್ನು ತಾವೇ ಬೇಕೆಂದು ಸೇರಿಸಿದ್ದಾಗಿ ಅವರಲ್ಲೊಬ್ಬರು ಒಪ್ಪಿಕೊಂಡರು.

ಅವರೆಲ್ಲ ಹೋದ ಮೇಲೆ ಸುಧೀಂದ್ರ ಸಾರ್ ಯಂತ್ರದ ಪಕ್ಕದಲ್ಲೇ ನಿಂತು ಮೇಜಿನ ಮೇಲಿನ ಫೋನ್ ಎತ್ತಿದರು. ಆ ಕಡೆ ಇದ್ದದ್ದು ಹೊಸ ಯಂತ್ರ ಮಾರುವವರು. “ಇಲ್ಲಪ್ಪ, ಈಗ ಬೇಡ,” ಎಂದರು. “ಮುಂದೆ ತಗೊಂಡ್ರೂ ಒಂದು ವಿಷ್ಯ ಹೇಳಿರ್ತೀನಿ. ನಿಮ್ಮವರು ಬಂದು ಮೊದ್ಲು ನಮ್ಮ ಪುಟ್ಟತಾಯಮ್ಮಂಗೆ ಕಲಿಸ್ಬೇಕು. ಅವರು ಪಾಸ್ ಅಂದ್ರೆ ತಗೋತೀನಿ, ಫೇಲ್ ಅಂದ್ರೆ ವಾಪಸ್ ಕಳಿಸ್ತೀನಿ.”

ಪುಟ್ಟತಾಯಮ್ಮನ ಕಣ್ಣಲ್ಲಿ ನೀರು ಬರಬಹುದು, ಕೈ ಮುಗಿಯಬಹುದು ಎಂದುಕೊಂಡು ಆ ಕಡೆ ನೋಡಿದೆ. ಅವರು ಮುಂದಿನ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದರು.

“ಸಾರ್,” ಎಂದರು, “ವೈರ್ ಮ್ಯಾಲೆ ನಿಂತಿದೀರ. ಒಸಿ ಆ ಕಡೆ ಓಗಿ, ಕೆಲ್ಸ ಐತೆ.”

ಸುಧೀಂದ್ರ ಸಾರ್ ಗಡಬಡಿಸಿ ಕಾಲು ಎತ್ತಿ ಪಕ್ಕಕ್ಕೆ ಹೋದರು. ಅವರ ಹಿಂದೆಯೇ ನಾನೂ ಸರಿದು ನಿಂತೆ.